ದಿಲವಾಡಾ ರಂಗಮಂಟಪದ ಗುಮ್ಮಟ: ಶಿಲ್ಪವೂ ಭಾರದ ಲೆಕ್ಕವೂ

ಅರ್ಬುದಾಚಲವೆಂದು ಪ್ರಸಿದ್ಧವಾದ ರಾಜಸ್ಥಾನದ ಆಬೂ ಪರ್ವತದ ಮೇಲೆ, ಸುಮಾರು 4,000 ಅಡಿ ಎತ್ತರದಲ್ಲಿ ದಿಲವಾಡಾ ಜಿನಮಂದಿರಗಳು ವಿರಾಜಿಸುತ್ತಿವೆ. ಚೌಲುಕ್ಯ ಅರಸ ಒಂದನೆಯ ಭೀಮದೇವನ ಮಂತ್ರಿ ವಿಮಲಶಾಹನು 1031ರಲ್ಲಿ ಭಗವಾನ್ ಆದಿನಾಥರಿಗಾಗಿ ವಿಮಲವಸಹಿಯನ್ನು ಕಟ್ಟಿಸಿದನು. ಮಂತ್ರಿ ಸಹೋದರರಾದ ವಸ್ತುಪಾಲ-ತೇಜಪಾಲರ ಲೂಣವಸಹಿಯು 1230ರದು. ಅಲ್ಲಿನ ಮೂಲನಾಯಕರು ಭಗವಾನ್ ನೇಮಿನಾಥರು. ಹೊರಗಿನಿಂದ ಇವು ತೀರ ಸಾಧಾರಣ ಕಟ್ಟಡಗಳಾಗಿ ಕಾಣುತ್ತವೆ. ರಂಗಮಂಟಪದಲ್ಲಿ ನಿಂತು ತಲೆಯೆತ್ತಿದ ಯಾತ್ರಿಕನು ಮಾತ್ರ ಮೂಕನಾಗುತ್ತಾನೆ. ಅಮೃತಶಿಲೆಯ ಸುತ್ತುಗಳು ಒಂದರೊಳಗೊಂದು ಕಿರಿದಾಗುತ್ತ ಮೇಲೇರಿ, ನಡುವೆ ಕಮಲವೊಂದು ಕೆಳಮುಖವಾಗಿ ತೂಗುತ್ತದೆ. ಈ ಕಲ್ಲು ಕೆಳಗೆ ಬೀಳದಿರುವುದು ಹೇಗೆ?

ವಿಜಾಪುರದ ಗೋಳಗುಮ್ಮಟವನ್ನು ಕಂಡವರು ಇದನ್ನೂ ಅದೇ ಜಾತಿಯದೆಂದು ಎಣಿಸುವುದುಂಟು. ಅದು ಸರಿಯಲ್ಲ. ಅಲ್ಲಿ ಇಟ್ಟಿಗೆ-ಗಾರೆಯ ಮಹಾ ಗುಮ್ಮಟವು ಬುಡದಲ್ಲಿ ಹೊರಕ್ಕೆ ಒತ್ತುತ್ತದೆ. ಒಂದನ್ನೊಂದು ಹಾಯುವ ಕಮಾನುಗಳೂ ದಪ್ಪ ಗೋಡೆಗಳೂ ಆ ಒತ್ತಡವನ್ನು ತಡೆದಿವೆ. ದಿಲವಾಡದ ರಂಗಮಂಟಪದ ಸುತ್ತ ಅಂಥ ಗೋಡೆಗಳಿಲ್ಲ, ಕಂಬಗಳು ಮಾತ್ರ. ಹೊರಕ್ಕೆ ಒತ್ತದ ಗುಮ್ಮಟವೇ ಅಲ್ಲಿಗೆ ಬೇಕಾಗಿತ್ತು.

ವಿಮಲವಸಹಿಯಲ್ಲಿ ಹನ್ನೆರಡು ಕಂಬಗಳನ್ನು ಚೌಕದ ಅಂಚಿನಲ್ಲಿ ಬದಿಗೆ ನಾಲ್ಕರಂತೆ ನಿಲ್ಲಿಸಿ, ಮೂಲೆಗಳಿಗೆ ಅಡ್ಡಲಾಗಿ ತೊಲೆಗಳನ್ನಿಟ್ಟು ಅಷ್ಟಕೋನವನ್ನು ಸಾಧಿಸಲಾಗಿದೆ. ಅದರ ಮೇಲೆ ಕಲ್ಲುಗಳನ್ನು ಮಲಗಿಸಿ, ಪ್ರತಿಯೊಂದು ಸುತ್ತೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚುವಂತೆ ಜೋಡಿಸಿದ್ದಾರೆ. ಚಾಚಿದ ಕಲ್ಲು ಮುಂದಕ್ಕೆ ವಾಲಲು ಹವಣಿಸುತ್ತದೆ. ಅದರ ಹಿಂತುದಿಯ ಮೇಲೆ ಹೇರಿದ ಭಾರವು ಅದನ್ನು ಹಿಡಿದಿಡುತ್ತದೆ. ಸುತ್ತು ಪೂರ್ಣವಾದೊಡನೆ ಅಕ್ಕಪಕ್ಕದ ಕಲ್ಲುಗಳು ಹೆಗಲಿಗೆ ಹೆಗಲು ಕೊಟ್ಟು ಒಳಬೀಳದಂತೆ ಪರಸ್ಪರ ತಡೆಯುತ್ತವೆ. ಭಾರವು ನೇರವಾಗಿ ತೊಲೆಗೂ ಕಂಬಕ್ಕೂ ಇಳಿಯುತ್ತದೆ. ಕಂಬದಿಂದ ಕಂಬಕ್ಕೆ ಅಲೆಯಂತೆ ಏರಿಳಿಯುವ ತೋರಣಗಳು ತೊಲೆಯ ನಡುವನ್ನು ಮುಟ್ಟಿ ನಿಂತಿವೆ.

ಕೆತ್ತನೆಯೂ ಇಲ್ಲಿ ಬರಿಯ ಅಲಂಕಾರವಲ್ಲ. ಉದುರಿದ ಶಿಲೆಯ ಪುಡಿಯ ತೂಕಕ್ಕೆ ಸರಿಯಾಗಿ ಶಿಲ್ಪಿಗಳಿಗೆ ಕೂಲಿ ಕೊಡಲಾಯಿತೆಂಬ ಐತಿಹ್ಯವಿದೆ. ನಿಜವಿರಲಿ ಇಲ್ಲದಿರಲಿ, ಒಂದು ಮಾತು ಗಮನಾರ್ಹ: ಪುಡಿ ಉದುರಿದ್ದು ಕಲ್ಲಿನ ಚಾಚಿದ ಮುಂಭಾಗದಿಂದ. ಮುಂದು ಹಗುರವಾಯಿತು, ಹಿಂದು ಭಾರವಾಗಿಯೇ ಉಳಿಯಿತು. ವಾಲುವ ಕಲ್ಲಿಗೆ ಇದಕ್ಕಿಂತ ಹಿತವಾದುದು ಬೇರೇನು?

ಕಲ್ಲು ಒತ್ತಡವನ್ನು ತಾಳುತ್ತದೆ, ಬಾಗನ್ನು ತಾಳದು. ಒಂದು ತೊಲೆ ಬಿರಿದರೆ ಮೇಲಿನ ಸುತ್ತುಗಳೆಲ್ಲ ಸಡಿಲಗೊಳ್ಳುವ ಭಯವಿದೆ. ಆದುದರಿಂದಲೇ ಇಂತಹ ಛಾವಣಿಯ ಜೀರ್ಣೋದ್ಧಾರದಲ್ಲಿ ಹಿಂತುದಿಯ ಕಲ್ಲು-ಗಾರೆಯನ್ನು ವ್ಯರ್ಥ ಭಾರವೆಂದು ಕೀಳುವುದೂ, ನಡುವೆ ಕಾಂಕ್ರೀಟನ್ನು ಸುರಿಯುವುದೂ ಅಪಾಯಕರ. ಊರ ಬಸದಿಗಳಲ್ಲಿ ಮಳೆನೀರು ಸೋರಿದಾಗ ಮೊದಲು ನೆನಪಾಗುವುದು ಈ ಕಾಂಕ್ರೀಟೇ!

ದಾಳಿಗೆ ತುತ್ತಾದ ವಿಮಲವಸಹಿಯು 1322ರಲ್ಲಿ ಉದ್ಧಾರಗೊಂಡಿತು. 1950ರ ದಶಕದಲ್ಲಿ ಸೇಠ್ ಆನಂದಜೀ ಕಲ್ಯಾಣಜೀ ಪೇಢಿಯು ಮತ್ತೆ ದುರಸ್ತಿಯನ್ನು ಕೈಗೊಂಡಾಗ, ಹಳೆಯದಕ್ಕೆ ಹೊಂದುವ ಅಮೃತಶಿಲೆಯನ್ನೇ ತರಿಸಿ, ಪರಂಪರಾಗತ ಸೋಮಪುರಾ ಶಿಲ್ಪಿಗಳಿಂದ ಕೆತ್ತಿಸಿತು.