ಹಕ್ಕಲು ಬಿಟ್ಟು ಬಾ

ತಮ್ಮಾ,

ಊರಿನಿಂದ ಮರಳುವಾಗ ಟಿಕೋಟಾದ ಅಂಗಡಿಯಲ್ಲಿ ಉಳಿದಿದ್ದ ಹಾಲಿನ ಪುಡಿಯ ಡಬ್ಬಿಗಳನ್ನೆಲ್ಲ ಒಂದೂ ಬಿಡದೆ ಎತ್ತಿಕೊಂಡು ಬಂದೆ ಎಂದು ನೀನು ಬರೆದದ್ದನ್ನು ಓದಿ ಕಳವಳವಾಯಿತು. ನಿಜ ಹೇಳಬೇಕೆಂದರೆ ಸಿಟ್ಟೂ ಬಂತು. ಕೂಸಿರುವ ಮನೆ, ವಿಜಯಪುರದ ನೌಕರಿ, ವಾರಕ್ಕೊಮ್ಮೆ ಊರಿನ ಓಡಾಟ. ನಿನ್ನ ಅವಸರ ನನಗೆ ತಿಳಿಯದ್ದೇನಲ್ಲ. 'ದುಡ್ಡು ಕೊಟ್ಟು ತಂದಿದ್ದೇನೆ, ಕದ್ದು ತಂದಿಲ್ಲ' ಎಂಬ ಮಾತೂ ಸುಳ್ಳಲ್ಲ. ಎರಡೂ ಕಡೆಯ ನ್ಯಾಯ ನೋಡಿಯೇ ಬರೆಯುತ್ತೇನೆ, ತೀರ್ಮಾನ ನಿನಗೇ ಬಿಟ್ಟದ್ದು. ಆದರೆ ಕಪಾಟಿನಲ್ಲಿ ಕಡೆಗೆ ಉಳಿದ ಡಬ್ಬಿ ಮೊದಲು ಕೈ ಹಾಕಿದವನದು ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ಅದು ಬೇರೆ ದಾರಿ ಇಲ್ಲದವರದು.

ಈ ವಿಚಾರಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಹೆಸರೇ ಇದೆ: ಹಕ್ಕಲು. ಬಿಳಿಜೋಳ ಕಿತ್ತು ತೆನೆ ಮುರಿದು ಕಣಕ್ಕೆ ಸಾಗಿಸಿದ ಮೇಲೆ ಹೊಲದಲ್ಲಿ ಅಲ್ಲಲ್ಲಿ ಬಿದ್ದ ತೆನೆಗಳನ್ನು ಹೊಲದವನು ಮರಳಿ ಹೋಗಿ ಹೆಕ್ಕುತ್ತಿರಲಿಲ್ಲ. ಉಡಿ ಕಟ್ಟಿಕೊಂಡು ಬಂದ ಬಡ ಹೆಣ್ಣುಮಕ್ಕಳು ಅವನ್ನು ಆಯ್ದುಕೊಳ್ಳುತ್ತಿದ್ದರು. ಕಣದಲ್ಲಿ ರಾಶಿ ಅಳೆಯುವಾಗ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆ ಹಿಡಿಯುವ ನಮ್ಮ ಹಿರಿಯರು ಲಾಭ ಬೇಡವೆಂದವರಲ್ಲ. ಆದರೂ ಆ ರಾಶಿ ಮನೆ ಸೇರುವ ಮೊದಲೇ ಬಡಿಗ, ಕಮ್ಮಾರ, ಮಾದರ ಮೊದಲಾದ ಆಯಗಾರರ ಪಾಲು ಕಣದಲ್ಲೇ ತೆಗೆದಿಡಬೇಕಿತ್ತು. ಆ ಪದ್ಧತಿಯಲ್ಲಿ ಜಾತಿಯ ಕಟ್ಟಳೆ ಇತ್ತು, ಕೊಡುವವನ ಕೈ ಯಾವಾಗಲೂ ಮೇಲಿತ್ತು. ಅದು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಅದರೊಳಗಿದ್ದ ಒಂದು ಮಿತಿಯನ್ನಷ್ಟೇ ತೋರಿಸುತ್ತಿದ್ದೇನೆ: ಹೊಲ ನನ್ನದಾದರೂ ಕೊನೆಯ ತೆನೆಯವರೆಗೆ ನನ್ನದಲ್ಲ. ಫ್ರಾನ್ಸಿನಲ್ಲಿ 1554ರ ರಾಜಾಜ್ಞೆ ಹಕ್ಕಲಾಯುವ ಅವಕಾಶವನ್ನು ಬಡವರಿಗೆ, ಅಶಕ್ತರಿಗೆ ಕೊಟ್ಟಿತು. ಇಂಗ್ಲೆಂಡಿನಲ್ಲಿ 1788ರಲ್ಲಿ ನ್ಯಾಯಾಲಯವೊಂದು ಹಕ್ಕಲು ಯಾರ ಹಕ್ಕೂ ಅಲ್ಲ, ಹೊಲ ಯಾರದೋ ಬಿದ್ದ ಕಾಳೂ ಅವರದೇ ಎಂದು ತೀರ್ಪು ಕೊಟ್ಟಿತು. 'ದುಡ್ಡು ಕೊಟ್ಟಿದ್ದೇನೆ' ಎಂಬ ನಿನ್ನ ವಾದ ಆ ತೀರ್ಪಿನ ವಾದ. ಕಾನೂನಿನಲ್ಲಿ ಅದು ನಿಲ್ಲುತ್ತದೆ, ನಮ್ಮ ಊರುಗಳ ನಡತೆಯಲ್ಲಿ ನಿಲ್ಲುವುದಿಲ್ಲ.

ಬೇರೆ ದಾರಿ ಇಲ್ಲದವರು ಯಾರು ಎಂದು ಕೇಳುತ್ತೀಯಾ? ಟಿಕೋಟಾ, ಬಬಲೇಶ್ವರ ಈಚೆಗೆ ತಾಲ್ಲೂಕು ಕೇಂದ್ರಗಳಾದವು, ಕಚೇರಿಗಳು ಬಂದವು. ಆದರೆ ಕಿರಾಣಿ ಅಂಗಡಿಯ ಕಪಾಟು ಇನ್ನೂ ಊರಿನ ಕಪಾಟೇ. ಒಂದು ಬಗೆಯ ಮಾಲು ನಾಲ್ಕು ಡಬ್ಬಿ ಇಟ್ಟರೆ ಹೆಚ್ಚು, ಅದು ತೀರಿದರೆ ವಿಜಯಪುರದಿಂದ ಗಾಡಿ ಬರುವವರೆಗೆ ಕಾಯಬೇಕು. ಸುತ್ತಲಿನ ಹಳ್ಳಿಯವರಿಗೆ ಆ ಅಂಗಡಿಯೇ ಪೇಟೆ. ದ್ರಾಕ್ಷಿ ತೋಟದಲ್ಲಿ, ಒಣದ್ರಾಕ್ಷಿಯ ಶೆಡ್ಡಿನಲ್ಲಿ ದುಡಿಯುವ ಹೆಣ್ಣುಮಗಳು ಸಂಜೆ ಕೂಲಿ ಕೈಗೆ ಬಂದ ಮೇಲೆ ತಾನೇ ಅಂಗಡಿಗೆ ಬರುವುದು? ಬೆಳಿಗ್ಗೆಯ ತುಂಬಿದ ಕಪಾಟು ಅವಳ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು ನೀನು ಗಮನಿಸಬೇಕು. ಕೊನೆಯಲ್ಲಿ ಉಳಿದ ಮಾಲು ಯಾರಿಗೂ ಬೇಡವಾಗಿ ಉಳಿದದ್ದಲ್ಲ, ತಡವಾಗಿ ಬರುವವರ ಪಾಲಿಗೆ ಉಳಿದದ್ದು. ಹತ್ತು ರೂಪಾಯಿಯ ಪಾಕೀಟು, ಕಾಲು ಕಿಲೋ ಬೇಳೆಯ ಪುಡಿಕೆ ಅವರ ಲೆಕ್ಕದವು. ದೊಡ್ಡ ಚೀಲ ಕೊಳ್ಳುವ ಶಕ್ತಿ ಇದ್ದವನು ಚೀಲ ಸಿಗಲಿಲ್ಲವೆಂದು ಹತ್ತು ರೂಪಾಯಿಯ ಪಾಕೀಟುಗಳನ್ನೇ ಮಾಲೆ ಸಮೇತ ಇಳಿಸಿಕೊಂಡು ಹೋದರೆ, ಅವರು ಅದಕ್ಕಿಂತ ಕೆಳಗಿಳಿದು ಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ.

ಇಲ್ಲಿ ನೀನು ಎತ್ತಬಹುದಾದ ಗಟ್ಟಿ ಆಕ್ಷೇಪ ಒಂದಿದೆ. 'ನಿಮ್ಮ ಕಾಲದವರು ಹಗೇವು ತುಂಬಿಸುತ್ತಿರಲಿಲ್ಲವೇ? ವರ್ಷದ ಜೋಳ ಕೂಡಿಡುವುದು ಜಾಣತನ, ನಾಲ್ಕು ಡಬ್ಬಿ ತರುವುದು ದುರಾಸೆಯೇ?' ಎಂದು ನೀನು ಕೇಳಿದರೆ ಉತ್ತರ ಹೇಳಲೇಬೇಕು. ಈ ಜಿಲ್ಲೆಯವರು ಕೂಡಿಡುವುದನ್ನು ಸುಮ್ಮನೆ ಕಲಿತವರಲ್ಲ. 1791–92ರ ಬರಕ್ಕೆ ಇಲ್ಲಿಯ ಜನ ಇಟ್ಟ ಹೆಸರು ಡೋಗಿ ಬರ, ತಲೆಬುರುಡೆಯ ಬರ. ಹೂಳುವವರಿಲ್ಲದೆ ಬುರುಡೆಗಳು ನೆಲದ ಮೇಲೆ ಬಿದ್ದ ಕಾಲ ಅದು. 1876–78ರ ಬರದಲ್ಲಿ, ಆಗ ಕಲಾದಗಿ ಎಂಬ ಹೆಸರಿದ್ದ ಇದೇ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತೆಂದರೆ 1881ರ ಜನಗಣತಿಯ ಸಂಖ್ಯೆ 1872ಕ್ಕಿಂತ ಬಹಳ ಕೆಳಗೆ ಬಂತು. ನಮ್ಮ ತಲೆಮಾರಿಗೆ 1972ರ ಬರವಿತ್ತು. ಕಲ್ಲು ಒಡೆಯುವ, ಮಣ್ಣು ಹೊರುವ ಬರಗಾಲದ ಕಾಮಗಾರಿಯ ಕೂಲಿ, ಪಡಿತರದ ಸಾಲು, ಅದಕ್ಕೂ ಮೊದಲಿನ ದಶಕದಲ್ಲಿ ಪಿ.ಎಲ್. 480ರ ಹೆಸರಿನಲ್ಲಿ ಅಮೆರಿಕದಿಂದ ಹಡಗು ಹತ್ತಿ ಬಂದ ಗೋಧಿ. ಇವು ನಮ್ಮನ್ನು ಬೆಳೆಸಿದವು. ಸೇರು, ಪಾವು, ಚಟಾಕಿನ ಲೆಕ್ಕದಲ್ಲಿ ಹಿಟ್ಟು ಅಳೆದು ರೊಟ್ಟಿ ಬಡಿದ ಮನೆಗಳ ಮಕ್ಕಳು ನಾವು. ಆದ್ದರಿಂದ ಕೂಡಿಡಬೇಡ ಎಂದು ನಾನು ಹೇಳಿದರೆ ಅದು ಸುಳ್ಳು ಬುದ್ಧಿಮಾತು. ಆದರೆ ಹಗೇವು ತುಂಬುತ್ತಿದ್ದದ್ದು ಯಾವಾಗ? ಸುಗ್ಗಿಯಲ್ಲಿ, ಜೋಳ ಎಲ್ಲರ ಅಂಗಳದಲ್ಲೂ ಇರುವಾಗ, ಧಾರಣೆ ಇಳಿದಿರುವಾಗ. ಗರಸು ನೆಲದಲ್ಲಿ ತೋಡಿದ ಆ ಗುಂಡಿಗೆ ಹುಲ್ಲಿನ ಹೊದಿಕೆ ಕೊಟ್ಟು, ಕಾಳು ಸುರಿದು, ಕತ್ತಿಗೆ ಮಣ್ಣು ಮೆತ್ತಿ ಮುಚ್ಚಿದರೆ ಒಳಗೆ ಉಸಿರು ಕಟ್ಟಿ ಹುಳ ಸಾಯುತ್ತಿತ್ತು, ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೇ ಇಳಿಯುವಂತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ಗಾಳಿ ಪರೀಕ್ಷಿಸುತ್ತಿದ್ದರು. ಒಮ್ಮೆ ಬಾಯಿ ತೆರೆದರೆ ಕಾಳನ್ನು ಪೂರ್ತಿ ಮೇಲೆತ್ತಬೇಕು, ಇಲ್ಲವಾದರೆ ಗಾಳಿ, ತೇವ ತಾಗಿ ಕೆಡುತ್ತದೆ. ಅಷ್ಟು ಕಾಳನ್ನು ಒಂದೇ ಮನೆ ತಿನ್ನಲಾಗದು, ಹೀಗಾಗಿ ಕಡವಾಗಿಯೋ ಕೈಗಡವಾಗಿಯೋ ಅದು ಊರಿಗೆ ಹರಿಯಲೇಬೇಕಿತ್ತು. ಬರದ ವರ್ಷವೂ ಹಗೇವಿಗೆ ಬೀಗ ಹಾಕಿಕೊಂಡು ಧಾರಣೆ ಏರಲಿ ಎಂದು ಕಾದವರು ಇರಲಿಲ್ಲವೇ? ಇದ್ದರು, ಅವರನ್ನು ಊರು ಕ್ಷಮಿಸಲಿಲ್ಲ. ಸಮೃದ್ಧಿಯಲ್ಲಿ ತೆಗೆದು ಕೊರತೆಯಲ್ಲಿ ಕೊಡುವುದು ಹಗೇವು. ಕೊರತೆಯ ಹೊತ್ತಿನಲ್ಲೇ ಬಾಚುವುದಕ್ಕೆ ಆ ಹೆಸರು ಹಿಡಿಯಬೇಡ. ನಿನಗೆ ಕೂಡಿಡಬೇಕೆಂದರೆ ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಅಂಗಡಿಗಳು ತುಂಬಿರುವಾಗ ತಿಂಗಳದ್ದನ್ನು ಒಮ್ಮೆಗೇ ತಂದಿಡು, ಯಾರೂ ಬೇಡವೆನ್ನುವುದಿಲ್ಲ.

ಎರಡನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಬರುತ್ತದೆ: 'ನಾನು ಬಿಟ್ಟರೆ ನನ್ನ ಹಿಂದಿನವನು ಒಯ್ಯುತ್ತಾನೆ.' ಒಯ್ಯಬಹುದು. ಆದರೆ ಈ ಮಾತನ್ನು ನಂಬಿದ ಜನವೇ ಕೊರತೆ ಹುಟ್ಟಿಸುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1973ರ ಕೊನೆಯಲ್ಲಿ ತೈಲದ ಬಿಕ್ಕಟ್ಟಿನ ಹೊತ್ತು, ಜಪಾನಿನ ಒಸಾಕಾ ಸೀಮೆಯಲ್ಲಿ ಶೌಚದ ಕಾಗದ ಸಿಗದಂತಾಗುತ್ತದೆ ಎಂಬ ಗುಲ್ಲು ಎದ್ದು ಜನ ಅಂಗಡಿಗಳಿಗೆ ಮುಗಿಬಿದ್ದರು. ಖಾಲಿಯಾದ ಕಪಾಟು ನೋಡಿದವರು ಗುಲ್ಲನ್ನು ನಿಜವೆಂದುಕೊಂಡರು, ದಿಗಿಲು ದೇಶಕ್ಕೆಲ್ಲ ಹಬ್ಬಿತು. ನಮ್ಮವರದೇ ಉದಾಹರಣೆ ಬೇಕೆಂದರೆ 2023ರ ಜುಲೈ 20ನ್ನು ನೆನಪಿಸಿಕೋ. ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ಸರಕಾರ ನಿಲ್ಲಿಸಿತು. ಅಮೆರಿಕದಲ್ಲಿರುವ, ಸೋನಾ ಮಸೂರಿಯನ್ನೇ ನೆಚ್ಚಿದ ನಮ್ಮ ದಕ್ಷಿಣದ ಮನೆಗಳವರು ಭಾರತೀಯ ಅಂಗಡಿಗಳ ಮುಂದೆ ಸಾಲುಗಟ್ಟಿದರು, ಚೀಲದ ಮೇಲೆ ಚೀಲ ಹೇರಿಕೊಂಡರು. ಕೆಲವು ಅಂಗಡಿಗಳು ಒಂದು ಮನೆಗೆ ಒಂದೇ ಚೀಲ ಎಂದು ಫಲಕ ಹಚ್ಚಬೇಕಾಯಿತು. ಯೋಚಿಸು, ಆ ಆಜ್ಞೆ ಮುಂದೆ ಹೊರಡಬೇಕಾದ ಅಕ್ಕಿಯನ್ನು ತಡೆದಿತ್ತು. ಅಲ್ಲಿಯ ಗೋದಾಮಿನಲ್ಲಾಗಲೇ ಇದ್ದ ಅಕ್ಕಿಯಲ್ಲಿ ಅದರಿಂದ ಒಂದು ಕಾಳೂ ಕಡಿಮೆಯಾಗಿರಲಿಲ್ಲ. ಕಲಿತವರು, ಒಳ್ಳೆಯ ಸಂಬಳದವರು ಪರಸ್ಪರರನ್ನು ಹೆದರಿಸಿ ಕಪಾಟು ಬರಿದು ಮಾಡಿದರು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಸಾರಿದ ಕೂಡಲೇ ದೇಶದ ಊರೂರಿನ ಅಂಗಡಿಗಳ ಮುಂದೆ ಕಂಡದ್ದೂ ಇದೇ. ಆದ್ದರಿಂದ ಕೊನೆಯ ಎರಡು ಡಬ್ಬಿಗಳಲ್ಲಿ ಒಂದನ್ನು ಬಿಡುವುದರಿಂದ ಒಬ್ಬರಿಗೆ ಹಾಲು ಸಿಗುತ್ತದೆ ಎಂಬುದಷ್ಟೇ ಅಲ್ಲ. ಕಪಾಟಿನಲ್ಲಿ ಒಂದು ಡಬ್ಬಿ ಕಾಣುತ್ತಿರುವವರೆಗೆ ಊರು ಗಾಬರಿಯಾಗುವುದಿಲ್ಲ.

ಇದೆಲ್ಲ ಅಂಗಡಿಯವನ ಹೊಣೆ, ಸರಕಾರದ ಹೊಣೆ ಎಂದೂ ಹೇಳಬಹುದು. ಹೊಣೆ ಇದೆ. ಅಗತ್ಯ ವಸ್ತುಗಳ ಕಾಯ್ದೆ 1955ರಿಂದಲೂ ಇದೆ, ಕಾಳದಾಸ್ತಾನಿನ ಮೇಲೆ ಕೈ ಮಾಡಲು ಅದು ಅಧಿಕಾರ ಕೊಡುತ್ತದೆ. ಆದರೆ ಅದು ಗೋದಾಮಿಗೆ ಹೋದೀತು, ನಿನ್ನ ಚೀಲದವರೆಗೆ ಬರುವುದಿಲ್ಲ. 1943ರ ಬಂಗಾಳದ ಬರವನ್ನು ಅಭ್ಯಸಿಸಿದ ಅಮರ್ತ್ಯ ಸೇನ್, ಆ ವರ್ಷದ ಆಹಾರ ಧಾನ್ಯ ಬರವಿಲ್ಲದ 1941ಕ್ಕಿಂತ ಕಡಿಮೆ ಇರಲಿಲ್ಲ ಎಂದು ತೋರಿಸಿದರು. ಧಾನ್ಯವಿತ್ತು, ಕೊಳ್ಳಲಾಗದವರು ಸತ್ತರು. ಹಾಲಿನ ಡಬ್ಬಿಗೂ ಬರಕ್ಕೂ ಹೋಲಿಕೆ ದೊಡ್ಡದಾಯಿತು ಎಂದು ನಿನಗನ್ನಿಸಬಹುದು. ಪ್ರಮಾಣ ಬೇರೆ, ರೀತಿ ಅದೇ: ಊರಲ್ಲಿ ಮಾಲು ಇರುತ್ತದೆ, ಬೇಕಾದವರ ಕೈಗೆ ಸಿಗುವುದಿಲ್ಲ.

ಬೇಳೆ, ಬ್ರೆಡ್ಡಿನ ವಿಷಯಕ್ಕೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಾಳೆಗೆ ತಾರೀಖು ಮುಗಿಯುವ ಕೊನೆಯ ಬ್ರೆಡ್ಡನ್ನು ಎತ್ತಿಕೊಂಡರೆ ಅಂಗಡಿಯವನಿಗೆ ಉಪಕಾರವೇ. ಆದರೆ ಕೂಸಿನ ಹಾಲಿನ ಪುಡಿ ಬೇರೆ ಮಾತು. 2022ರಲ್ಲಿ ಅಮೆರಿಕದ ಒಂದೇ ಒಂದು ದೊಡ್ಡ ಕಾರಖಾನೆ ನಿಂತದ್ದಕ್ಕೆ ಅಷ್ಟು ಸಿರಿವಂತ ದೇಶದ ತಾಯಂದಿರು ಡಬ್ಬಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು. ನಿನ್ನ ಮನೆಯ ಕಪಾಟಿನಲ್ಲಿ ಆಗಲೇ ಎರಡು ಡಬ್ಬಿ ಇದ್ದವೆಂದು ನೀನೇ ಬರೆದಿದ್ದೀಯ. ಕೂಸಿನ ಅಪ್ಪನಾದವನಿಗೆ ಇನ್ನೊಂದು ಕೂಸಿನ ಹಸಿವು ನೆನಪಿಗೆ ಬರಲಿಲ್ಲವೆಂದರೆ ಅದು ಅವಸರವಲ್ಲ, ಕುರುಡು. ನಿನ್ನನ್ನು ಬೆಳೆಸಿದವರಿಗೆ ನಾಚಿಕೆಯಾಗುವ ಕೆಲಸ.

ಮಾತು ಬಿರುಸಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ರಾತ್ರಿಯೆಲ್ಲ ಅಳುವ ಕೂಸನ್ನು ಎತ್ತಿಕೊಂಡು ತಿರುಗುವವನಿಗೆ ನಾಲ್ಕು ಡಬ್ಬಿ ಕಂಡರೆ ಜೀವ ಬಂದಂತಾಗುತ್ತದೆ, ಅದೂ ಗೊತ್ತು. ನಿನ್ನ ಕೂಸಿಗೆ ಇದ್ದದ್ದು ಅದೊಂದೇ ಡಬ್ಬಿಯಾಗಿದ್ದರೆ, ಕೊನೆಯದಾದರೂ ಅಳುಕದೆ ತೆಗೆದುಕೋ ಎಂದು ನಾನೇ ಹೇಳುತ್ತಿದ್ದೆ. ತೆರೆಯದ ಡಬ್ಬಿಗಳಿದ್ದರೆ ಬರುವ ಭಾನುವಾರ ಎರಡನ್ನು ಅದೇ ಅಂಗಡಿಗೆ ಮರಳಿಸು, ದುಡ್ಡು ಮರಳಿ ಬಾರದಿದ್ದರೂ ಚಿಂತೆಯಿಲ್ಲ. ಟಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿಲೋಮೀಟರ್. ನಿನ್ನ ಹತ್ತಿರ ಗಾಡಿ ಇದೆ.