ವಾಪಸ್ ಬರುವುದೇ ಮೊದಲ ಪಾಠ

ಮೈಸೂರಿನಲ್ಲಿದ್ದುಕೊಂಡು ಹಾಯಿದೋಣಿ ಕಲಿಯುತ್ತೇನೆ ಎಂದರೆ ಯಾರಾದರೂ ಮೊದಲು ಕೇಳುವುದು, 'ಸಮುದ್ರ ಎಲ್ಲಿದೆ?' ಎಂದು. ನಮ್ಮ ಮನೆಯಲ್ಲೂ ಕೇಳಿದರು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಅರ್ಧ ಆಯುಷ್ಯ ಕಳೆದ ಹೆಂಗಸು ಐವತ್ತರ ಹೊಸ್ತಿಲಲ್ಲಿ ದೋಣಿ ಹತ್ತುತ್ತೇನೆ ಎಂದರೆ ಕೇಳದೆ ಬಿಡುತ್ತಾರೆಯೇ! ಆದರೆ ಹೊಸಬರಿಗೆ ಸಮುದ್ರ ಬೇಡವೇ ಬೇಡ. ದೊಡ್ಡ ಅಲೆ, ಉಬ್ಬರವಿಳಿತ ಇಲ್ಲದ, ಕಣ್ಣಳತೆಯಲ್ಲೇ ದಡ ಕಾಣುವ ಸಿಹಿನೀರೇ ಕಲಿಯಲು ಒಳ್ಳೆಯದು. ನಮಗೆ ಅದು ಊರಾಚೆಗೇ ಇದೆ, ಕೆಆರ್‌ಎಸ್ ಹಿನ್ನೀರು.

ಕಾವೇರಿಗೆ ಹೇಮಾವತಿ, ಲಕ್ಷ್ಮಣತೀರ್ಥ ಬಂದು ಸೇರುವ ಕಡೆ 1911ರಲ್ಲಿ ಕಟ್ಟಲು ತೊಡಗಿದ ಆ ಅಣೆಕಟ್ಟೆಯನ್ನು ಯಾರೂ ಹಾಯಿ ಬಿಚ್ಚಲೆಂದು ಕಟ್ಟಲಿಲ್ಲ. ಆದರೂ ಅದರ ಹಿಂದೆ ನಿಂತ ಅಗಲವಾದ ನೀರು ಗಾಳಿಗೆ ಒಳ್ಳೆಯ ಬಯಲು. ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇರುವುದು ಈ ಹಿನ್ನೀರಿನಲ್ಲೇ. ಬೆಂಗಳೂರಿನವರಿಗೆ ಹಲಸೂರು ಕೆರೆಯಲ್ಲಿ ಸೇನೆಯ ಎಂಇಜಿಯವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ, ಮಲೆನಾಡಿನವರಿಗೆ ಶರಾವತಿ ಹಿನ್ನೀರಿನ ಹೊನ್ನೆಮರಡು ಇದೆ.

ಮೊದಲ ಬೆಳಿಗ್ಗೆ ತರಬೇತುದಾರರು ಹೇಳಿದ ಮಾತು ಇಷ್ಟು: 'ಮೇಡಂ, ಗಾಳಿ ಇದ್ರೆ ದೋಣಿ ತಾನೇ ಹೋಗುತ್ತೆ. ಅದನ್ನ ನಾನು ಕಲಿಸ್ಬೇಕಾಗಿಲ್ಲ. ನಾನು ಕಲಿಸೋದು ವಾಪಸ್ ಬರೋದನ್ನ.' ಆಮೇಲೆ ಕಲಿತದ್ದೆಲ್ಲ ಈ ಮಾತಿನ ವಿವರಣೆಯೇ.

ಅದಕ್ಕೂ ಮುಂಚೆ ಒಂದಿಷ್ಟು ತಯಾರಿ ಬೇಕು. ಈಜು ಬಾರದಿದ್ದರೂ ಲೈಫ್ ಜಾಕೆಟ್ ತೇಲಿಸುತ್ತದೆ, ನಿಜ. ಆದರೆ ಈಜು ಬಾರದವರಿಗೆ ನೀರಿನ ಭಯವೇ ಕೈಕಾಲು ಕಟ್ಟಿಹಾಕುತ್ತದೆ, ಪಾಠ ತಲೆಗೆ ಹೋಗುವುದಿಲ್ಲ. ನಾನು ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ, ಮಕ್ಕಳ ಗಲಾಟೆಯ ನಡುವೆ, ಉಸಿರು ಹಿಡಿದು ತೇಲುವಷ್ಟನ್ನು ಮೊದಲು ರೂಢಿ ಮಾಡಿಕೊಂಡೆ. ಅಷ್ಟು ಸಾಕು. ತಿ. ನರಸೀಪುರ ರಸ್ತೆಯ ವರುಣಾ ಕೆರೆಯಲ್ಲಿ ಕಯಾಕ್ ಹತ್ತಿ ನಾಲ್ಕು ಹುಟ್ಟು ಹಾಕಿ ಬಂದರೆ, ಅಲ್ಲಾಡುವ ದೋಣಿಯಲ್ಲಿ ಸೊಂಟ ಬಿಗಿಹಿಡಿಯದೆ ಕೂರುವುದೂ ಅಭ್ಯಾಸವಾಗುತ್ತದೆ.

ಗಾಳಿಯನ್ನು ಕಲಿಯಲು ಇಷ್ಟೂ ಬೇಡ, ಮನೆಯ ತಾರಸಿ ಸಾಕು. ಒಣಹಾಕಿದ ಬಟ್ಟೆ ಎತ್ತ ಹಾರುತ್ತಿದೆ, ಮೋಡ ಎತ್ತ ಓಡುತ್ತಿದೆ ನೋಡುವುದು. ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾ ಹೋಗಿ, ಎರಡೂ ಕಿವಿಗೆ ಗಾಳಿಯ ಸದ್ದು ಸಮನಾಗಿ ಕೇಳಿದಾಗ ಗಾಳಿ ಎದುರಿನಿಂದ ಬರುತ್ತಿದೆ ಎಂದು ಲೆಕ್ಕ. ನೀರಿಗಿಳಿದ ಮೇಲೆ ಇನ್ನೊಂದು ಗುರುತು ಸಿಗುತ್ತದೆ. ದೂರದಲ್ಲಿ ನೀರು ಕಪ್ಪಾಗಿ, ಆ ಕಪ್ಪು ನಮ್ಮ ಕಡೆಗೇ ಓಡಿ ಬಂದರೆ ಜೋರು ಗಾಳಿ ಬರುತ್ತಿದೆ ಎಂದರ್ಥ.

ದೋಣಿಯ ಪಾಠ ಶುರುವಾದದ್ದು ಅದನ್ನು ಮಗುಚುವುದರಿಂದ. ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ, ಬೇಕೆಂದೇ ಪಕ್ಕಕ್ಕೆ ಉರುಳಿಸುತ್ತಾರೆ. ಹಾಯಿ ನೀರಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ದೋಣಿ ಬಿಟ್ಟು ದಡಕ್ಕೆ ಈಜಬಾರದು ಎನ್ನುವುದು ಮೊದಲ ನಿಯಮ. ದೋಣಿ ಮುಳುಗುವುದಿಲ್ಲ, ದೂರದಿಂದ ಕಾಣುವುದೂ ಅದೇ, ನಮ್ಮ ತಲೆಯಲ್ಲ. ಹಾಯಿಯ ಹಗ್ಗ ಸಡಿಲ ಬಿಟ್ಟು, ದೋಣಿಯ ಮೂತಿಯನ್ನು ಗಾಳಿಯತ್ತ ತಿರುಗಿಸಿ, ತಳದಿಂದ ಚಾಚಿಕೊಂಡಿರುವ ಡ್ಯಾಗರ್‌ಬೋರ್ಡ್ ಎಂಬ ಹಲಗೆಯ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲಬೇಕು. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಹಾಯಿ ನೀರು ಸುರಿಸುತ್ತಾ ಮೆಲ್ಲಗೆ ಏಳುತ್ತದೆ, ಕಂಬ ನೆಟ್ಟಗಾಗುತ್ತದೆ. ಮೂತಿಯನ್ನು ಗಾಳಿಗೆ ತಿರುಗಿಸದೆ ಎತ್ತಿದವರ ದೋಣಿ ಎದ್ದಷ್ಟೇ ಬೇಗ ಇನ್ನೊಂದು ಪಕ್ಕಕ್ಕೆ ಮಗುಚಿತು. ಈ ಕೆಲಸಕ್ಕೆ ತೋಳಿನ ಬಲ ಬೇಡ, ಮೈಭಾರ ಇದ್ದರೆ ಆಯಿತು. ಜೀವನದಲ್ಲಿ ಮೊದಲ ಸಲ ನನ್ನ ತೂಕ ಉಪಯೋಗಕ್ಕೆ ಬಂತು.

ಎರಡನೆಯದು ನಿಲ್ಲಿಸುವುದು. ನಮಗೆಲ್ಲ ಸ್ಕೂಟರ್ ಅಭ್ಯಾಸ. ಗಾಬರಿಯಾದರೆ ಕೈ ತಾನಾಗಿ ಬಿಗಿಹಿಡಿಯುತ್ತದೆ, ಬ್ರೇಕ್ ಬೀಳುತ್ತದೆ. ಹಾಯಿದೋಣಿಯಲ್ಲಿ ಹಗ್ಗ ಬಿಗಿಹಿಡಿದಷ್ಟೂ ಹಾಯಿ ಗಾಳಿ ತುಂಬಿಕೊಂಡು ದೋಣಿ ವಾಲುತ್ತದೆ. ಬಿಟ್ಟರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಧಾನವಾಗುತ್ತದೆ. ಮೇಲಾಗಿ ಚುಕ್ಕಾಣಿಯ ಹಿಡಿಯನ್ನು, ಅಂದರೆ ಟಿಲ್ಲರ್ ಅನ್ನು, ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಇದನ್ನು ತಲೆ ಬೇಗ ಒಪ್ಪಿತು, ಕೈ ಒಪ್ಪಲಿಲ್ಲ. ಪಕ್ಕದಲ್ಲಿ ಆಪ್ಟಿಮಿಸ್ಟ್ ಎಂಬ ಮಕ್ಕಳ ದೋಣಿಯಲ್ಲಿದ್ದ ಐದನೇ ಕ್ಲಾಸಿನ ಹುಡುಗಿ, 'ಆಂಟೀ, ಹಗ್ಗ ಬಿಡೀ! ಬಿಟ್ಬಿಡೀ!' ಎಂದು ಕೂಗುತ್ತಲೇ ಇದ್ದಳು. ಬಿಡುವುದು ರೂಢಿಯಾದ ದಿನ ಅರ್ಧ ಭಯ ಹೋಯಿತು.

ಮೂರನೆಯದು ದಿಕ್ಕು. ಗಾಳಿ ಬರುವ ಕಡೆಗೇ ನೇರವಾಗಿ ಹೋಗಲು ಯಾವ ಹಾಯಿದೋಣಿಗೂ ಆಗುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಹತ್ತಬೇಕು. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೊರಟ ಹೊಸಬರಿಗೆ ಹೋಗುವಾಗ ಸ್ವರ್ಗ, ಬರುವಾಗ ಅಳು. ಹಾಗಾಗಿ ಮೊದಲು ಗಾಳಿಗೆ ಅಡ್ಡಲಾಗಿ ನೀರಿನಲ್ಲಿ ಗುರುತಿಗೆ ತೇಲಿಬಿಟ್ಟ ಎರಡು ಬೋಯ್‌ಗಳ ನಡುವೆ ಹೋಗಿಬರುವುದು, ಆಮೇಲೆ ಎದುರುಗಾಳಿಯಲ್ಲಿ ಹತ್ತುವುದು, ಮೈಯಲ್ಲಿ ಕಸುವಿರುವಾಗಲೇ ಕಷ್ಟದ್ದನ್ನು ಮುಗಿಸಿ ಸುಸ್ತಾದಾಗ ಗಾಳಿಯ ಜೊತೆಗೆ ಇಳಿಯುವುದು. ತಿರುಗುವಾಗ ಹಾಯಿಯ ಕೆಳಗಿನ ಅಡ್ಡಕಂಬ, ಬೂಮ್, ತಲೆಯ ಮೇಲೆ ಹಾದುಹೋಗುತ್ತದೆ. ಬಗ್ಗುವುದನ್ನು ಮರೆತವರಿಗೆ ಅದೇ ನೆನಪಿಸುತ್ತದೆ.

ಕಾಲ ನೋಡಿ ಶುರು ಮಾಡುವುದೂ ಮುಖ್ಯ. ಆಷಾಢದ ಗಾಳಿ ನಮಗೆ ಗೊತ್ತೇ ಇದೆ. ಪಳಗಿದವರಿಗೆ ಅದು ಹಬ್ಬ, ಹೊಸಬರಿಗೆ ಪೆಟ್ಟು. ಗಂಟೆಗೆ 10ರಿಂದ 20 ಕಿಲೋಮೀಟರಿನ ಗಾಳಿ ಕಲಿಯಲು ಹಿತ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳ ಬೆಳಗಿನ ಹೊತ್ತು ಸಾಮಾನ್ಯವಾಗಿ ಹಾಗಿರುತ್ತದೆ, ಬಿಸಿಲೇರಿದಂತೆ ಗಾಳಿ ಏಳುತ್ತದೆ. ಏಪ್ರಿಲ್, ಮೇ ಮಧ್ಯಾಹ್ನದ ಗುಡುಗು ಮೋಡವನ್ನು ನಂಬಲೇಬಾರದು. ಅದರ ಮುಂದೆ ಬರುವ ಗಾಳಿ ಹೇಳಿ ಕೇಳಿ ಬರುವುದಿಲ್ಲ. ನೀರಿನ ಮಟ್ಟವನ್ನೂ ಪತ್ರಿಕೆಯಲ್ಲಿ ನೋಡುತ್ತಿರಿ. ಕಟ್ಟೆ ತುಂಬಿದರೆ 124.80 ಅಡಿ. ಬೇಸಿಗೆಯಲ್ಲಿ ಇಳಿದಾಗ ದಡ ದೂರ ಸರಿದು, ದೋಣಿ ಇಳಿಸುವ ಜಾಗ ಕೆಸರಾಗುತ್ತದೆ, ನೀರಿನಡಿಯ ಕಲ್ಲು ಹಲಗೆಗೆ ತಗಲುತ್ತದೆ. ಎಲ್ಲಿ ಕಲ್ಲಿದೆ, ಎಲ್ಲಿ ಬಲೆ ಹಾಕಿದ್ದಾರೆ ಎಂಬುದನ್ನು ತೆಪ್ಪದಲ್ಲಿ ಮೀನು ಹಿಡಿಯುವವರನ್ನು ಕೇಳಿದರೆ ಕೈ ತೋರಿಸಿ ಹೇಳುತ್ತಾರೆ.

ದೋಣಿ ಕೊಳ್ಳುವ ಆತುರ ಬೇಡ, ಕ್ಲಬ್ಬಿನದೇ ಸಾಕು. ಮಕ್ಕಳಿಗೆ ಸುಮಾರು ಎಂಟಡಿ ಉದ್ದದ ಆಪ್ಟಿಮಿಸ್ಟ್. ದೊಡ್ಡವರಿಗೆ ಒಬ್ಬರೇ ನಡೆಸುವ, ಮೊದಲು ಲೇಸರ್ ಎನ್ನುತ್ತಿದ್ದ ಐಎಲ್‌ಸಿಎ. ಅದಕ್ಕೆ ಮೂರು ಅಳತೆಯ ಹಾಯಿಗಳಿವೆ, ಚಿಕ್ಕದರಿಂದ ಶುರು ಮಾಡಿ. ಜೊತೆಗೊಬ್ಬರಿದ್ದರೆ ಧೈರ್ಯ ಎನ್ನುವವರಿಗೆ ಇಬ್ಬರು ಕೂರುವ ಎಂಟರ್‌ಪ್ರೈಸ್. ತುಂಬು ತೋಳಿನ ಬಟ್ಟೆ, ಹಿಡಿತವಿರುವ ಹಳೆಯ ಶೂ, ಕಟ್ಟಿಕೊಳ್ಳುವ ಟೋಪಿ, ಇಷ್ಟೇ ಖರ್ಚು. ಮಕ್ಕಳನ್ನು ಕಳಿಸುವ ಯೋಚನೆ ಇರುವವರಿಗೆ ಒಂದು ಮಾತು: ಕೊಡಗು ಮೂಲದ ಕೇಳಪಂಡ ಗಣಪತಿ ಚೆಂಗಪ್ಪ, ವರುಣ್ ಠಕ್ಕರ್ ಜೊತೆಗೂಡಿ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಹಾಯಿ ಬಿಚ್ಚಿದರು.

ಸೇರುವ ಮುನ್ನ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಕಲಿಯುವವರು ನೀರಿನಲ್ಲಿರುವಷ್ಟು ಹೊತ್ತೂ ಮೋಟಾರಿನ ರಕ್ಷಣಾ ದೋಣಿ ನೀರಿನಲ್ಲೇ ಇರುತ್ತದೆಯೇ? ಜಾಕೆಟ್ ನನ್ನ ಅಳತೆಯದು ಸಿಗುತ್ತದೆಯೇ? ಮಗುಚಿದ ದೋಣಿ ಎತ್ತುವುದನ್ನು ಯಾವಾಗ ಕಲಿಸುತ್ತೀರಿ? ಮೂರನೆಯದಕ್ಕೆ 'ಅದೆಲ್ಲ ಆಮೇಲೆ ನೋಡೋಣ' ಎಂಬ ಉತ್ತರ ಬಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು, ಬೇರೆ ಕಡೆ ವಿಚಾರಿಸಿ.