ಡಿಸ್ಕಿಲ್ಲದ ಗಣಕಯಂತ್ರವು ಎಚ್ಚರಗೊಳ್ಳುವ ಬಗೆ

ಗಣಕಯಂತ್ರವೆಂದರೆ ಅದರೊಳಗೆ ಡಿಸ್ಕ್ ಇರಲೇಬೇಕೆಂದು ನಾವೆಲ್ಲರೂ ಭಾವಿಸುವುದು ಸಹಜ. ಯಂತ್ರವನ್ನು ನಡೆಯಿಸುವ ಮೂಲ ತಂತ್ರಾಂಶವೂ ನಾವು ಬರೆದಿಟ್ಟ ಕಡತಗಳೂ ಇರುವ ಉಗ್ರಾಣವೇ ಡಿಸ್ಕ್. ಕಛೇರಿಗಳು ತಮ್ಮ ಹಳೆಯ ಗಣಕಗಳನ್ನು ಶಾಲೆಗಳಿಗೆ ದಾನವಾಗಿ ಕೊಡುವಾಗ, ಒಳಗಿನ ಲೆಕ್ಕಪತ್ರಗಳು ಅನ್ಯರ ಕೈಸೇರಬಾರದೆಂದು ಡಿಸ್ಕನ್ನು ತೆಗೆದಿಟ್ಟುಕೊಳ್ಳುವುದುಂಟು. ಅಂಥ ಯಂತ್ರವನ್ನು ಕಂಡ ಪೋಷಕರು, “ಈ ಬರಿಯ ಪೆಟ್ಟಿಗೆಯಿಂದ ಮಕ್ಕಳಿಗೇನು ಪ್ರಯೋಜನ?” ಎಂದು ಕೇಳಿದರೆ ಆಶ್ಚರ್ಯವಿಲ್ಲ. ಪ್ರಯೋಜನ ಉಂಟು, ಅದು ಹೇಗೆಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ನಮ್ಮ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕಾಗಿ ತರಗತಿಗೊಂದರಂತೆ ಒಲೆ ಹೂಡುವುದಿಲ್ಲ. ಅಡುಗೆಮನೆ ಒಂದೇ, ಅಲ್ಲಿ ಬೆಂದ ಅನ್ನವು ಎಲ್ಲ ಪಂಕ್ತಿಗಳಿಗೂ ಬರುತ್ತದೆ. ಅಂತೆಯೇ ಒಂದು ಗಣಕದಲ್ಲಿ ಮಾತ್ರ ಡಿಸ್ಕನ್ನಿಟ್ಟು, ಉಳಿದ ಗಣಕಗಳು ತಂತಿಯ ಮೂಲಕ ಅದರಿಂದಲೇ ತಂತ್ರಾಂಶವನ್ನು ಪಡೆದು ಕೆಲಸ ಮಾಡುವಂತೆ ಏರ್ಪಡಿಸಬಹುದು. ಬಡಿಸುವ ಗಣಕಕ್ಕೆ ಸರ್ವರ್ ಎಂದೂ, ಪಡೆಯುವ ಗಣಕಗಳಿಗೆ ಕಾರ್ಯಕೇಂದ್ರಗಳೆಂದೂ ಹೆಸರು. ಡಿಸ್ಕಿನ ಬೆಲೆ ಬಹಳ ಹೆಚ್ಚಾಗಿದ್ದ 1980ರ ದಶಕದಲ್ಲಿಯೇ ಈ ಪದ್ಧತಿ ಬಳಕೆಗೆ ಬಂದಿತು.

ವಿದ್ಯಾರ್ಥಿಗಳೇ, ಗುಂಡಿಯನ್ನು ಒತ್ತಿದೊಡನೆ ನಡೆಯುವ ಕಾರ್ಯಗಳನ್ನು ಈಗ ಕ್ರಮವಾಗಿ ನೋಡೋಣ.

ಮೊದಲನೆಯದು ವಿಳಾಸವನ್ನು ಪಡೆಯುವುದು. ಗಣಕವನ್ನು ಜಾಲದ ತಂತಿಗೆ ಜೋಡಿಸುವ ಕಾರ್ಡಿನಲ್ಲಿಯೋ ಮದರ್‌ಬೋರ್ಡಿನ ಚಿಪ್ಪಿನಲ್ಲಿಯೋ, ವಿದ್ಯುತ್ತು ಹೋದರೂ ಅಳಿಯದ ಒಂದು ಕಿರಿಯ ಕ್ರಮವಿಧಿ ಅಡಗಿರುತ್ತದೆ. ಇದಕ್ಕೆ ಪಿಎಕ್ಸ್‌ಇ ಎಂದು ಹೆಸರು; ಇಂಟೆಲ್ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ಇದರ 2.1ನೆಯ ಆವೃತ್ತಿಯು ಪ್ರಸಿದ್ಧವಾದುದು. ಈ ಕ್ರಮವಿಧಿಗೆ ತನ್ನ ಜಾಲವಿಳಾಸವಾಗಲಿ, ಸರ್ವರ್ ಎಲ್ಲಿದೆಯೆಂಬುದಾಗಲಿ ತಿಳಿಯದು. ಕಾರ್ಖಾನೆಯಲ್ಲಿಯೇ ಕೊಟ್ಟ 48 ಬಿಟ್ಟುಗಳ ಗುರುತುಸಂಖ್ಯೆಯೊಂದೇ ಅದರ ಬಂಡವಾಳ. ಆದಕಾರಣ ಅದು ಆ ಸಂಖ್ಯೆಯನ್ನು ಹೇಳಿಕೊಂಡು, ತಂತಿಯಲ್ಲಿರುವ ಎಲ್ಲರಿಗೂ ಕೇಳಿಸುವಂತೆ, “ನನಗೆ ವಿಳಾಸವನ್ನು ಕೊಡುವವರು ಯಾರು?” ಎಂದು ಕೂಗುತ್ತದೆ. ಸರ್ವರಿನಲ್ಲಿರುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯು ಉತ್ತರ ಕೊಡುತ್ತದೆ. ಕೂಗು, ಕೊಡುಗೆ, ಕೋರಿಕೆ, ಒಪ್ಪಿಗೆ ಎಂಬ ನಾಲ್ಕು ಮಾತುಗಳಲ್ಲಿ ಈ ಸಂಭಾಷಣೆ ಮುಗಿಯುತ್ತದೆ. ವಿಳಾಸದೊಡನೆಯೇ, ಯಾವ ಸರ್ವರಿನಿಂದ ಯಾವ ಕಡತವನ್ನು ತರಬೇಕೆಂಬ ಸೂಚನೆಯೂ ದೊರೆಯುತ್ತದೆ. ಇದಕ್ಕೆ ಮೂಲವಾದ ಬೂಟ್‌ಪಿ ಎಂಬ ನಿಯಮಾವಳಿಯನ್ನು ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಎಂಬವರು 1985ರಲ್ಲಿ ಪ್ರಕಟಿಸಿದರು.

ಎರಡನೆಯದು ಕಡತವನ್ನು ತರುವುದು. ಇದಕ್ಕೆ ಟಿಎಫ್‌ಟಿಪಿ ಎಂಬ ಅತಿ ಸರಳವಾದ ನಿಯಮವುಂಟು. ಸರ್ವರು ಕಡತವನ್ನು 512 ಬೈಟುಗಳ ತುಂಡುಗಳನ್ನಾಗಿ ಮಾಡಿ, ಒಂದೊಂದಕ್ಕೂ ಸಂಖ್ಯೆ ಹಾಕಿ ಕಳುಹಿಸುತ್ತದೆ. “ತಲುಪಿತು” ಎಂಬ ಉತ್ತರ ಬರುವ ತನಕ ಮುಂದಿನ ತುಂಡನ್ನು ಕಳುಹಿಸುವುದಿಲ್ಲ. 512ಕ್ಕಿಂತ ಚಿಕ್ಕ ತುಂಡು ಬಂದರೆ ಕಡತ ಮುಗಿಯಿತೆಂದು ಅರ್ಥ. ಕಡತವು 4 ಕೋಟಿ ಬೈಟುಗಳಷ್ಟಿದೆಯೆಂದು ಇಟ್ಟುಕೊಳ್ಳೋಣ. ಅದನ್ನು 512ರಿಂದ ಭಾಗಿಸಿದರೆ ಶೇಷವಿಲ್ಲದೆ 78,125 ತುಂಡುಗಳಾಗುತ್ತವೆ. ಹಾಗಾದರೆ ಮುಗಿದುದು ತಿಳಿಯುವುದೆಂತು? ಕೊನೆಯಲ್ಲಿ ಏನೂ ಇಲ್ಲದ ಬರಿದಾದ ತುಂಡೊಂದನ್ನು ಕಳುಹಿಸುತ್ತಾರೆ. ತುಂಡಿನ ಗಾತ್ರವನ್ನು ಹೆಚ್ಚಿಸಿಕೊಳ್ಳುವ ಅನುಕೂಲವೂ ಬಳಿಕ ಸೇರಿಕೊಂಡಿತು.

ಮೂರನೆಯದು ವ್ಯವಸ್ಥೆಯನ್ನು ಆರಂಭಿಸುವುದು. ತಂದ ಕಡತಗಳಲ್ಲಿ ಮುಖ್ಯವಾದುದು ಕರ್ನಲ್, ಎಂದರೆ ಗಣಕದ ಸಕಲ ಅಂಗಗಳನ್ನೂ ಆಳುವ ತಂತ್ರಾಂಶ. ಅದು ಸ್ಮೃತಿಯಲ್ಲಿ ನೆಲೆಗೊಂಡು ಎಚ್ಚರಗೊಂಡ ಮೇಲೆ, ಸರ್ವರಿನ ಡಿಸ್ಕಿನಲ್ಲಿರುವ ವ್ಯವಸ್ಥೆಯನ್ನು ಎನ್‌ಎಫ್‌ಎಸ್ ಎಂಬ ವಿಧಾನದಿಂದ ತನ್ನದೇ ಡಿಸ್ಕೋ ಎಂಬಂತೆ ಓದತೊಡಗುತ್ತದೆ. ಆ ಬಳಿಕ ಪರದೆಯ ಮುಂದೆ ಕುಳಿತ ವಿದ್ಯಾರ್ಥಿಗೆ ಯಾವ ವ್ಯತ್ಯಾಸವೂ ಕಾಣಿಸದು.

ಶಾಲೆಗಳಿಗೆ ಅನುಕೂಲವಾಗುವಂತೆ ಇವೆಲ್ಲವನ್ನೂ ಒಟ್ಟುಗೂಡಿಸಿದ ಸ್ವತಂತ್ರ ತಂತ್ರಾಂಶವೊಂದು ಇದೆ. ಅದರ ಹೆಸರು ಎಲ್‌ಟಿಎಸ್‌ಪಿ. ಜಿಮ್ ಮೆಕ್ವಿಲನ್ ಎಂಬವರು ಇದನ್ನು 1999ರಲ್ಲಿ ಆರಂಭಿಸಿದರು. 2019ರಲ್ಲಿ ಇದನ್ನು ಹೊಸದಾಗಿ ಬರೆಯಲಾಯಿತು. ಸ್ಥಾಪಿಸುವ ಕ್ರಮ ಹೀಗಿದೆ: ಸರ್ವರಿನಲ್ಲಿ ಲಿನಕ್ಸನ್ನು ಸ್ಥಾಪಿಸಿ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಬೇಕು. ಅನಂತರ ಆ ಇಡೀ ವ್ಯವಸ್ಥೆಯನ್ನು ಒತ್ತಿ ಕುಗ್ಗಿಸಿ, ಪ್ರತಿಬಿಂಬವೆಂಬ ಒಂದೇ ಕಡತವನ್ನಾಗಿ ಮಾಡಬೇಕು. ಕೊನೆಯಲ್ಲಿ ಪ್ರತಿಯೊಂದು ಕಾರ್ಯಕೇಂದ್ರದ ಆರಂಭಿಕ ಸಿದ್ಧತೆಯಲ್ಲಿ, ಜಾಲದಿಂದ ಬೂಟ್ ಆಗಬೇಕೆಂಬುದನ್ನು ಮೊದಲನೆಯ ಆಯ್ಕೆಯಾಗಿ ಇರಿಸಬೇಕು. ಕಾರ್ಯಕೇಂದ್ರದಲ್ಲಿ ಮಾಡಿದ ಅಡ್ಡಾದಿಡ್ಡಿ ಬದಲಾವಣೆಗಳು ಸ್ಮೃತಿಯಲ್ಲಿ ಮಾತ್ರ ಉಳಿದು, ಯಂತ್ರವನ್ನು ಆರಿಸಿದೊಡನೆ ಅಳಿದುಹೋಗುತ್ತವೆ. ವಿದ್ಯಾರ್ಥಿಯು ತನ್ನ ಖಾತೆಯಲ್ಲಿ ಬರೆದ ಪ್ರಬಂಧ ಮಾತ್ರ ಸರ್ವರಿನಲ್ಲಿ ಭದ್ರವಾಗಿರುತ್ತದೆ. ಮರುದಿನ ಬೇರೆ ಆಸನದಲ್ಲಿ ಕುಳಿತರೂ ಅದು ಕೈಗೆ ಸಿಗುತ್ತದೆ.

ಇಲ್ಲಿಯೇ ಗಡಿನಾಡಿನ ನಾವು ಗಮನಿಸಬೇಕಾದ ವಿಷಯವಿದೆ. ಅಡುಗೆಮನೆಯಲ್ಲಿ ಉಪ್ಪು ಮರೆತರೆ ಎಲ್ಲ ಎಲೆಗಳಿಗೂ ಸಪ್ಪೆಯೇ. ಪ್ರತಿಬಿಂಬವನ್ನು ಸಿದ್ಧಪಡಿಸುವವರು ಕನ್ನಡವನ್ನು ಮರೆತರೆ, ಇಪ್ಪತ್ತು ಗಣಕಗಳಲ್ಲಿಯೂ ಕನ್ನಡವಿರುವುದಿಲ್ಲ. ನೆನಪಿಟ್ಟು ಸೇರಿಸಿದರೆ ಇಪ್ಪತ್ತರಲ್ಲಿಯೂ ಇರುತ್ತದೆ. ಕನ್ನಡ ಲಿಪಿಗೆ 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. ಆದರೆ ಸಂಕೇತವಿದ್ದ ಮಾತ್ರಕ್ಕೆ ಅಕ್ಷರ ಮೂಡದು. “ಸ್ತ್ರೀ” ಎಂಬ ಒಂದು ಅಕ್ಷರವನ್ನು ಗಣಕವು ಆರು ಸಂಕೇತಗಳಾಗಿ ಇರಿಸಿಕೊಳ್ಳುತ್ತದೆ. ಒತ್ತಕ್ಷರಗಳನ್ನು ಹೊಂದಿಸಿ ತೋರಿಸಲು ತಕ್ಕ ಅಕ್ಷರವಿನ್ಯಾಸ ಬೇಕು. ಆದ್ದರಿಂದ ಪ್ರತಿಬಿಂಬವನ್ನು ಮಾಡುವ ಮೊದಲು ಸ್ತ್ರೀ, ರಾಷ್ಟ್ರ, ಜ್ಞಾನ, ಅರ್ಕ ಎಂಬ ಪದಗಳನ್ನು ಬರೆದು ನೋಡತಕ್ಕದ್ದು. ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೂ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೂ ಜೊತೆಗೆ ಸೇರಿಸತಕ್ಕದ್ದು. ಒಂದು ಗಂಟೆಯ ಈ ಶ್ರಮವನ್ನು ತಪ್ಪಿಸಿಕೊಂಡರೆ, ಕನ್ನಡದಲ್ಲಿ ಓದುವ ಮಗುವು ಗಣಕದ ಮುಂದೆ ಮಾತ್ರ ಪರಭಾಷೆಯನ್ನು ಅವಲಂಬಿಸಬೇಕಾದೀತು.

ಪೋಷಕರು ಕೇಳಬೇಕಾದ ಪ್ರಶ್ನೆಗಳೂ ಕೆಲವಿವೆ. ತಂತಿಯ ವೇಗವೆಷ್ಟು? ಇಪ್ಪತ್ತು ಗಣಕಗಳು ಏಕಕಾಲದಲ್ಲಿ ತಲಾ 4 ಕೋಟಿ ಬೈಟುಗಳನ್ನು ಬೇಡಿದರೆ ಒಟ್ಟು 640 ಕೋಟಿ ಬಿಟ್ಟುಗಳಾದವು. ಸೆಕೆಂಡಿಗೆ 10 ಕೋಟಿ ಬಿಟ್ಟು ಸಾಗಿಸುವ ಹಳೆಯ ಸ್ವಿಚ್ಚಿಗೆ ಕನಿಷ್ಠ 64 ಸೆಕೆಂಡು ಬೇಕು. 100 ಕೋಟಿ ಸಾಗಿಸುವ ಸ್ವಿಚ್ಚಿಗೆ 6.4 ಸೆಕೆಂಡು ಸಾಕು. ಹಣವಿದ್ದಲ್ಲಿ ಮೊದಲು ಸ್ವಿಚ್ಚಿಗೆ ವ್ಯಯಿಸುವುದು ಲೇಸು. ಎರಡನೆಯ ಪ್ರಶ್ನೆ: ಒಂದೇ ಜಾಲದಲ್ಲಿ ವಿಳಾಸ ಹಂಚುವವರು ಇಬ್ಬರಿದ್ದಾರೆಯೇ? ಅಂತರ್ಜಾಲದ ರೂಟರೂ ಸರ್ವರೂ ಪ್ರತ್ಯೇಕವಾಗಿ ವಿಳಾಸ ಕೊಡತೊಡಗಿದರೆ ಗೊಂದಲವಾಗುತ್ತದೆ. ಆಗ ವಿಳಾಸದ ಕೆಲಸವನ್ನು ರೂಟರಿಗೇ ಬಿಟ್ಟು, ಕಡತದ ಸೂಚನೆಯನ್ನು ಮಾತ್ರ ಸರ್ವರ್ ಕೊಡುವಂತೆ ಏರ್ಪಡಿಸಬಹುದು. ಮೂರನೆಯದು: ಸರ್ವರಿಗೆ ಯುಪಿಎಸ್ ಇದೆಯೇ, ಮಕ್ಕಳ ಕಡತಗಳ ಮತ್ತೊಂದು ಪ್ರತಿ ಬೇರೆ ಡಿಸ್ಕಿನಲ್ಲಿದೆಯೇ? ಸರ್ವರ್ ಕೆಟ್ಟರೆ ಇಡೀ ಕೊಠಡಿಯೇ ನಿಂತುಹೋಗುವುದೆಂಬುದು ಈ ಪದ್ಧತಿಯ ದೊಡ್ಡ ಕೊರತೆ. ಟಿಎಫ್‌ಟಿಪಿಯಲ್ಲಿ ಗುಪ್ತಪದವೆಂಬುದೇ ಇಲ್ಲವಾದುದರಿಂದ, ಈ ಜಾಲವನ್ನು ಹೊರಗಿನವರ ಸಂಪರ್ಕದಿಂದ ಬೇರೆಯಾಗಿರಿಸುವುದೂ ಅವಶ್ಯ.

ಸ್ಮೃತಿಯು 2 ಗಿಗಾಬೈಟಿಗಿಂತ ಕಡಿಮೆಯಿರುವ ಯಂತ್ರಗಳು ಈ ಕೆಲಸಕ್ಕೆ ಪ್ರಯಾಸಪಡುತ್ತವೆ. ಅದಕ್ಕಿಂತ ಹೆಚ್ಚಿದ್ದು ಜಾಲದ ಕಾರ್ಡು ಸರಿಯಾಗಿರುವ ಯಂತ್ರವನ್ನು ಡಿಸ್ಕಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬೇಕಾಗಿಲ್ಲ. ದಾನಿಗಳು ಅಂಥ ಯಂತ್ರವನ್ನು ಕೊಡಲು ಮುಂದೆ ಬಂದಾಗ, ಸ್ಮೃತಿ ಎಷ್ಟು, ಕಾರ್ಡು ಯಾವುದು ಎಂದು ವಿಚಾರಿಸಿ ಸ್ವೀಕರಿಸೋಣ. ವಿದ್ಯಾರ್ಥಿಗಳಾದ ನೀವು ಮುಂದಿನ ಸಾರಿ ಗಣಕದ ಗುಂಡಿಯನ್ನು ಒತ್ತಿದಾಗ, ಪರದೆಯ ಮೇಲೆ ಕ್ಷಣಕಾಲ ಹಾದುಹೋಗುವ ಸಾಲುಗಳನ್ನು ಓದಿರಿ. ವಿಳಾಸ ಕೇಳಿದುದು ಯಾವ ಸಾಲಿನಲ್ಲಿ, ಕಡತ ತಂದುದು ಯಾವ ಸಾಲಿನಲ್ಲಿ ಎಂಬುದನ್ನು ಗುರುತಿಸಿ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿರಿ.